ಪೈಪು ಬೆವರುವ ಜಾಗವೇ ತುಕ್ಕಿನ ಜಾಗ: ಅಮೋನಿಯಾ ಪ್ಲಾಂಟಿನ ಪೈಪು, ವಾಲ್ವ್ ಉಳಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಕರಾವಳಿಯ ಒಂದು ಐಸ್ ಪ್ಲಾಂಟಿನಲ್ಲಿ (ಅಲ್ಲಿ ತಣ್ಣಗೆ ಮಾಡುವುದು ಅಮೋನಿಯಾ), ಎಕ್ಸ್‌ಪಾನ್ಷನ್ ವಾಲ್ವ್, ಅಂದರೆ ದ್ರವ ಅಮೋನಿಯಾದ ಒತ್ತಡ ಇಳಿಸಿ ತಣ್ಣಗೆ ಮಾಡುವ ವಾಲ್ವ್, ದಾಟಿ ಬರುವ 1 ಇಂಚಿನ ಲೈನಿನ ಲ್ಯಾಗಿಂಗ್ (ತಂಪು ಉಳಿಸಲು ಪೈಪಿಗೆ ಸುತ್ತಿದ ಹೊದಿಕೆ) ಕತ್ತರಿಸಿ ನೋಡಿದ್ದೆ. ಹೊರಗಿನ ಅಲ್ಯೂಮಿನಿಯಂ ಶೀಟು ಫಳಫಳ ಹೊಳೆಯುತ್ತಿತ್ತು. ಒಳಗೆ ಕೈ ಹಾಕಿದರೆ ಥರ್ಮಾಕೋಲು ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ ಒದ್ದೆ. ಅದನ್ನು ಕಿತ್ತರೆ ತುಕ್ಕು ಹಪ್ಪಳದ ಚೂರಿನಂತೆ ಪದರ ಪದರವಾಗಿ ಕೈಗೇ ಬಂತು. ಅದು ಶೆಡ್ಯೂಲ್ 80 ಪೈಪು (ಶೆಡ್ಯೂಲ್ ಅಂದರೆ ಗೋಡೆಯ ದಪ್ಪದ ದರ್ಜೆ), ಹೊಸದರಲ್ಲಿ ಗೋಡೆಯ ದಪ್ಪ 4.55 ಮಿ.ಮೀ. ಎರಡು ಮೀಟರ್ ಆಚೆ ಅಳೆದರೆ 4.4 ಇತ್ತು. ವಾಲ್ವಿನ ಪಕ್ಕದಲ್ಲಿ 1.9.

ಅದೇ ಪೈಪು, ಅದೇ ವಯಸ್ಸು, ಒಳಗೆ ಅದೇ ಗ್ಯಾಸು. ವಾಲ್ವಿನ ಪಕ್ಕದಲ್ಲಿ ಲ್ಯಾಗಿಂಗಿನ ತುದಿ ತೆರೆದಿತ್ತು, ಅಲ್ಲಿಂದ ನೀರು ಇಳಿದಿತ್ತು, ಅಷ್ಟೇ. ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಅವತ್ತು ಲೈನಿನಲ್ಲಿ ಗ್ಯಾಸ್ ಇತ್ತು, ನನ್ನ ಕೈಯಲ್ಲಿ ಸ್ಕ್ರೇಪರ್ ಇತ್ತು. ಈಗ ನೆನೆಸಿಕೊಂಡರೆ ನಾನೇ ಬೆವರುತ್ತೇನೆ. ಆ ತಪ್ಪನ್ನು ನೀವು ಮಾಡಬೇಡಿ ಅಂತಲೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಇದನ್ನು ತಿಳಿದುಕೊಳ್ಳಿ: ತುಕ್ಕು ಎಲ್ಲಿ ಹಿಡಿಯುತ್ತೆ

ಅಮೋನಿಯಾ ಪೈಪಿಗೆ ಒಳಗಿನಿಂದ ತುಕ್ಕು ಹಿಡಿಯುವುದು ಅಪರೂಪ. ಕಬ್ಬಿಣಕ್ಕೂ ಅಮೋನಿಯಾಕ್ಕೂ ಜಗಳವಿಲ್ಲ. ತಾಮ್ರ, ಹಿತ್ತಾಳೆಯನ್ನು ಅದು ತಿಂದುಹಾಕುತ್ತೆ, ಅದಕ್ಕೇ ಈ ಪ್ಲಾಂಟುಗಳಲ್ಲಿ ಎಲ್ಲಿ ನೋಡಿದರೂ ಕಬ್ಬಿಣವೇ. ಒಳಗೆ ಗಾಳಿ ಇರಲ್ಲ, ಕಂಪ್ರೆಸರ್ ಎಣ್ಣೆಯ ತೆಳು ಪದರ ಬೇರೆ ಇರುತ್ತೆ. ತುಕ್ಕು ಬರುವುದು ಹೊರಗಿನಿಂದ, ಗಾಳಿಯಲ್ಲಿರುವ ನೀರಿನಿಂದ.

ತಣ್ಣೀರು ತುಂಬಿದ ಸ್ಟೀಲ್ ಲೋಟ ಮಳೆಗಾಲದಲ್ಲಿ ಮೇಜಿನ ಮೇಲಿಟ್ಟರೆ ಬೆವರುತ್ತೆ ಅಲ್ವಾ? ಪೈಪೂ ಹಾಗೆಯೇ. ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇ. 80 ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂದರೆ 26ಕ್ಕಿಂತ ತಣ್ಣಗಿರುವ ಯಾವ ಕಬ್ಬಿಣವಾದರೂ ಬೆವರುತ್ತೆ. ಮಂಗಳೂರು, ಮಲ್ಪೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನನಿತ್ಯದ ಕತೆ.

ಆದರೆ ತಣ್ಣಗಿದ್ದಷ್ಟೂ ತುಕ್ಕು ಜಾಸ್ತಿ ಅಂದುಕೊಂಡರೆ ತಪ್ಪು. ವರ್ಷವಿಡೀ ಮೈನಸ್ 30ರಲ್ಲೇ ಓಡುವ ಲೈನಿನ ಮೇಲೆ ನೀರು ಮಂಜುಗಡ್ಡೆಯಾಗಿ ಗಟ್ಟಿ ಕೂತಿರುತ್ತೆ. ಗಟ್ಟಿ ಮಂಜಿನಲ್ಲಿ ತುಕ್ಕಿನ ಕೆಲಸ ಬಹುತೇಕ ನಿಂತೇ ಹೋಗುತ್ತೆ. ಲ್ಯಾಗಿಂಗಿನ ಒಳಗೆ ಕಬ್ಬಿಣ ತಿನ್ನುವ ತುಕ್ಕಿಗೆ ಸುಮಾರು ಮೈನಸ್ 4ರಿಂದ ಮೇಲಕ್ಕೆ ಜೀವ ಬರುತ್ತೆ ಅನ್ನುವುದು ಈ ಕಸುಬಿನಲ್ಲಿ ಒಪ್ಪಿಕೊಂಡ ಲೆಕ್ಕ. ಎಲ್ಲಕ್ಕಿಂತ ಕೆಟ್ಟದ್ದು ಕಟ್ಟಿ-ಕರಗುವ ಲೈನು: ಕಂಪ್ರೆಸರ್ ಓಡುವಾಗ ಮಂಜು ಕಟ್ಟುತ್ತೆ, ನಿಂತಾಗ ಕರಗುತ್ತೆ, ಮತ್ತೆ ಕಟ್ಟುತ್ತೆ. ಪ್ರತಿ ಸಲ ಹೊಸ ನೀರು, ಹೊಸ ಗಾಳಿ.

ಹೀಗಾಗಿ ಮೈನಸ್ 40ರ ಮೀನಿನ ಫ್ರೀಜರ್ ಲೈನಿಗಿಂತ ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಸಕ್ಷನ್ ಲೈನಿಗೆ (ತಣ್ಣನೆ ಗ್ಯಾಸನ್ನು ಕಂಪ್ರೆಸರಿಗೆ ಒಯ್ಯುವ ಪೈಪು) ನಾನು ಜಾಸ್ತಿ ಹೆದರುತ್ತೇನೆ. ಕೋಣೆ 2ರಿಂದ 4 ಡಿಗ್ರಿ, ಪೈಪು ಅದಕ್ಕಿಂತ ಏಳೆಂಟು ಡಿಗ್ರಿ ಕೆಳಗೆ. ಕೋಣೆ ತಣ್ಣಗಾದರೆ ಕಂಪ್ರೆಸರ್ ನಿಲ್ಲುತ್ತೆ. ಪೈಪು ದಿನವಿಡೀ ಸೊನ್ನೆಯ ಆಚೆ ಈಚೆ ಓಡಾಡುತ್ತಾ ಇರುತ್ತೆ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಲ್ಲಿ ಕೋಣೆ ಇನ್ನೂ ಒಂದೆರಡು ಡಿಗ್ರಿ ಮೇಲಿರಬಹುದು, ಕತೆ ಮಾತ್ರ ಇದೇ. ಹಾಟ್ ಗ್ಯಾಸ್ ಡಿಫ್ರಾಸ್ಟ್ (ಬಿಸಿ ಗ್ಯಾಸ್ ಹಾಯಿಸಿ ಮಂಜು ಕರಗಿಸುವುದು) ಇರುವ ಪ್ಲಾಂಟಾದರೆ ಆ ಲೈನು ಮೊದಲ ಅಪರಾಧಿ. ಒಮ್ಮೆ ಮಂಜು, ಒಮ್ಮೆ ಬಿಸಿ.

ಹಂತ 1: ಚಾಕ್‌ಪೀಸ್ ಹಿಡಿದು ಒಂದು ಸುತ್ತು

ಮಾಪನ ಯಂತ್ರ, ಪೇಂಟು ಎಲ್ಲ ಆಮೇಲೆ. ಮೊದಲು ಒಂದು ನೋಟ್‌ಬುಕ್, ಚಾಕ್‌ಪೀಸ್, ಟಾರ್ಚ್ ತೆಗೆದುಕೊಂಡು ಇಡೀ ಪ್ಲಾಂಟು ಸುತ್ತಿ. ಒಂದು ಸಲ ಬೆಳಿಗ್ಗೆ ಆರಕ್ಕೆ, ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ. ಇನ್ನೊಂದು ಸಲ ಕಂಪ್ರೆಸರ್ ನಿಂತು ಒಂದು ಗಂಟೆ ಆದ ಮೇಲೆ, ಕರಗಿದ ನೀರು ಎಲ್ಲಿ ಇಳಿಯುತ್ತೆ ಅಂತ ನೋಡೋಕೆ. ಹೀಗೆ ಕಂಡರೆ ಗುರುತು ಹಾಕಿ:

- ಲ್ಯಾಗಿಂಗಿನ ಹೊರಮೈ ಮೇಲೆ ಮಂಜಿನ ಉಂಡೆ ಅಥವಾ ನಿರಂತರ ಬೆವರು
- ಜಾಯಿಂಟಿನಿಂದ ಇಳಿದ ಕಂದು ಗೆರೆ
- ಹಸಿರು ಪಾಚಿ (ಪಾಚಿ ಸುಳ್ಳು ಹೇಳಲ್ಲ, ಅಲ್ಲಿ ತಿಂಗಳುಗಟ್ಟಲೆ ನೀರಿದೆ)
- ಕೆಳಭಾಗ ಜೋತುಬಿದ್ದ, ತಟ್ಟಿದರೆ ಪೊಳ್ಳು ಸದ್ದು ಬಾರದೆ ಮೆತ್ತಗೆ ಗುದ್ದಿದ ಹಾಗಾಗುವ ಲ್ಯಾಗಿಂಗ್
- ಯಾರೋ ಕಾಲಿಟ್ಟು ಹತ್ತಿ ನಜ್ಜುಗುಜ್ಜಾದ ಶೀಟು

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಲಿನ ಬಲ್ಬ್ ಬದಲಿಸೋಕೆ ಪೈಪನ್ನೇ ಏಣಿ ಮಾಡಿಕೊಳ್ಳುವ ಅಭ್ಯಾಸ ಪ್ರತಿ ಪ್ಲಾಂಟಿನಲ್ಲೂ ಇದೆ. ಎರಡು ಕಾಲಿನ ಗುರುತು, ಎರಡು ಸೀಳು, ನೀರಿಗೆ ಎರಡು ಬಾಗಿಲು.

ಇವು ಕಾಣದಿದ್ದರೂ ಅನುಮಾನಪಡಬೇಕಾದ ಜಾಗಗಳಿವೆ: ವಾಲ್ವಿನ ಎರಡೂ ಪಕ್ಕ, ಪೈಪು ಕೂತಿರುವ ಸಪೋರ್ಟು, ಗೋಡೆ ಅಥವಾ ಸ್ಲ್ಯಾಬ್ ತೂರಿ ಹೋಗುವ ಕಡೆ, ಮೇಲಿಂದ ಕೆಳಗೆ ಇಳಿಯುವ ಪೈಪಿನ ಬುಡ, ಗೇಜಿಗೆ ಹೋಗುವ ಸಣ್ಣ ಪೈಪು. ದೊಡ್ಡ ಪೈಪಿನ ಮೇಲೆ ಎಲ್ಲರ ಕಣ್ಣು ಇರುತ್ತೆ. ಲೀಕ್ ಆಗುವುದು ಅರ್ಧ ಇಂಚಿನದು.

ಹಂತ 2: ಕಿಟಕಿ ತೆರೆದು ನೋಡುವುದು

ಗುರುತು ಹಾಕಿದ ಜಾಗದಲ್ಲಿ ಪೈಪಿನ ಕೆಳಭಾಗಕ್ಕೆ, ಅಂದರೆ ಗಡಿಯಾರದ ಆರು ಗಂಟೆಯ ಕಡೆಗೆ, ಅಂಗೈ ಅಗಲದ ಕಿಟಕಿ ಕತ್ತರಿಸಿ. ನೀರು ಕೆಳಗೇ ನಿಲ್ಲುತ್ತೆ. ಮೇಲ್ಭಾಗ ತೆರೆದು ನೋಡಿ "ಪೈಪು ಚೆನ್ನಾಗಿದೆ" ಅಂದವರನ್ನು ಬೇಕಾದಷ್ಟು ನೋಡಿದ್ದೇನೆ. ಪೈಪಿಗೆ ಬ್ಲೇಡ್ ತಾಗದ ಹಾಗೆ ಮೊಂಡು ಚಾಕುವಿನಿಂದ ನಿಧಾನವಾಗಿ ಬಿಡಿಸಿ. ಗ್ರೈಂಡರ್ ಬೇಡವೇ ಬೇಡ.

ತುಕ್ಕು ಕಂಡ ತಕ್ಷಣ ಕೆರೆಯುವ ಚಪಲ ಬರುತ್ತೆ. ತಡೆದುಕೊಳ್ಳಿ. ಒಳಗೆ ಗ್ಯಾಸ್ ಇರುವಾಗ ಪದರ ಕಟ್ಟಿದ ತುಕ್ಕನ್ನು ಕೆರೆಯಬಾರದು, ಸುತ್ತಿಗೆಯಿಂದ ತಟ್ಟಲೇಬಾರದು, ವೈರ್ ಬ್ರಷ್ ಹಾಕಬಾರದು. ಕೆಲವು ಸಲ ರಂಧ್ರವನ್ನು ಮುಚ್ಚಿ ಹಿಡಿದಿರುವುದೇ ಆ ತುಕ್ಕಿನ ಪದರ. ಅದು ಕಳಚಿದರೆ ಅಮೋನಿಯಾ ಮುಖಕ್ಕೇ ಬರುತ್ತೆ. ಬಣ್ಣ ಮಾತ್ರ ಹೋಗಿ ಮೇಲ್ಮೈ ಕೆಂಪಾಗಿದ್ದರೆ ಅದು ಬೇರೆ. ಉಗುರು ಸಿಕ್ಕುವಷ್ಟು ಪದರ ಎದ್ದಿದ್ದರೆ ಕೈ ಹಿಂದೆ ತೆಗೆದು 4ನೇ ಹಂತಕ್ಕೆ ಹೋಗಿ, ಪಂಪ್‌ಡೌನ್ (ಲೈನಿನ ಗ್ಯಾಸ್ ಎಳೆದು ಖಾಲಿ ಮಾಡುವುದು) ಆದ ಮೇಲೆ ಅಳತೆ ಮಾಡಿ.

ಹಂತ 3: ದಪ್ಪ ಅಳೆಯುವುದು

ಅಲ್ಟ್ರಾಸೋನಿಕ್ ಥಿಕ್‌ನೆಸ್ ಗೇಜ್ ಬೇಕು. ಸ್ವಂತದ್ದು ಇರಲೇಬೇಕು ಅಂತಿಲ್ಲ, ಟೆಸ್ಟಿಂಗ್ ಮಾಡುವವರನ್ನು ಒಂದು ದಿನಕ್ಕೆ ಕರೆಸಿದರೂ ಸಾಕು. ಗೇಜಿನ ಪ್ರೋಬ್ ನಯವಾದ ಲೋಹಕ್ಕೆ ಕೂತರೆ ಮಾತ್ರ ಅಳತೆ ಸರಿ. ಗುಂಡಿ ಗುಂಡಿಯಾದ ಜಾಗದಲ್ಲಿ ಪ್ರೋಬ್ ಗುಂಡಿಯ ಅಂಚಿನ ದಪ್ಪವನ್ನು ತೋರಿಸಿ ಸಮಾಧಾನ ಹೇಳುತ್ತೆ. ಅಲ್ಲಿ ಗುಂಡಿಯ ಆಳವನ್ನು ಬೇರೆಯಾಗಿ ಅಳೆದು ಕಳೆಯಬೇಕು.

ಹೊಸ ಪೈಪಿನ ದಪ್ಪ ಗೊತ್ತಿರಲಿ. ಶೆಡ್ಯೂಲ್ 80ರಲ್ಲಿ ಅರ್ಧ ಇಂಚಿನದು 3.73, ಮುಕ್ಕಾಲು ಇಂಚಿನದು 3.91, 1 ಇಂಚಿನದು 4.55 ಮಿ.ಮೀ. ಶೆಡ್ಯೂಲ್ 40ರಲ್ಲಿ 2 ಇಂಚಿನದು 3.91, 4 ಇಂಚಿನದು 6.02. ಫ್ಯಾಕ್ಟರಿಯಿಂದ ಬರುವಾಗಲೇ ಇದರಲ್ಲಿ ಶೇ. 12.5ರವರೆಗೆ ಕಡಿಮೆ ಇರಬಹುದು, ಅದಕ್ಕೆ ಗಾಬರಿ ಬೇಡ. ಪಕ್ಕದ ಒಳ್ಳೆ ಜಾಗದ ಅಳತೆಯೊಂದಿಗೆ ಹೋಲಿಸುವುದೇ ಸರಿ.

ಈಗ ಒಂದು ಮೋಸದ ಲೆಕ್ಕ ಹೇಳುತ್ತೇನೆ. 40 ಡಿಗ್ರಿಯಲ್ಲಿ ಅಮೋನಿಯಾದ ಗೇಜ್ ಒತ್ತಡ ಸುಮಾರು 14.5 ಬಾರ್. ಬರೀ ಈ ಒತ್ತಡ ತಡೆಯೋಕೆ 2 ಇಂಚಿನ ಪೈಪಿಗೆ 1 ಮಿ.ಮೀ. ಗೋಡೆಯೂ ಬೇಕಾಗಿಲ್ಲ. ಅದಕ್ಕೇ ಮುಕ್ಕಾಲು ಪಾಲು ತಿಂದುಹೋದ ಪೈಪೂ ವರ್ಷಗಟ್ಟಲೆ ಸುಮ್ನೆ ಕೂತಿರುತ್ತೆ, ಮಾಲೀಕರು "ಇಷ್ಟು ದಿನ ಏನಾಯ್ತು?" ಅನ್ನುತ್ತಾರೆ. ಉಳಿದ ದಪ್ಪ ಇರುವುದು ಒತ್ತಡಕ್ಕಲ್ಲ. ಯಾರೋ ಕಾಲಿಡುತ್ತಾರೆ, ವಾಲ್ವ್ ಬಿಗಿಯಾಗಿದೆ ಅಂತ ಉದ್ದ ಪೈಪು ಸಿಕ್ಕಿಸಿ ತಿರುಗಿಸುತ್ತಾರೆ, ಡಿಫ್ರಾಸ್ಟ್ ಶುರುವಾದಾಗ ಲೈನು ಧಡ್ ಅಂತ ಒದೆಯುತ್ತೆ. ಅದಕ್ಕೆಲ್ಲ ಆ ದಪ್ಪ ಬೇಕು.

ನಾನು ಇಟ್ಟುಕೊಂಡ ಲೆಕ್ಕ: ಮೂಲ ದಪ್ಪದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಉಳಿದಿದ್ದರೆ ಸ್ವಚ್ಛಮಾಡಿ ಪೇಂಟ್. ಮುಕ್ಕಾಲಿಗಿಂತ ಕಡಿಮೆಯಾದರೆ ಒತ್ತಡದ ಲೆಕ್ಕ ಹಾಕಬಲ್ಲ ಎಂಜಿನಿಯರಿಗೆ ತೋರಿಸಿ. ಅರ್ಧಕ್ಕಿಂತ ಇಳಿದಿದ್ದರೆ ಚರ್ಚೆ ಬೇಡ, ಲೈನ್ ಖಾಲಿ ಮಾಡಿ ಪೈಪು ಬದಲಿಸಿ. 1.9ರ ಆ ಪೈಪನ್ನು ಹಾಗೇ ಬದಲಿಸಿದ್ದು. ಕ್ಲ್ಯಾಂಪ್ ಹಾಕಿ, ಎಂ-ಸೀಲ್ ಮೆತ್ತಿ ದಿನ ದೂಡುವ ಕೆಲಸ ನೀರಿನ ಪೈಪಿಗೆ ಇರಲಿ.

ಹಂತ 4: ಖಾಲಿ ಮಾಡಿ, ಬೆಚ್ಚಗೆ ಮಾಡಿ, ಒಣಗಿಸಿ

ತಣ್ಣನೆ ಪೈಪಿಗೆ ಪೇಂಟ್ ಹಿಡಿಯಲ್ಲ. ಲೈನು ಪಂಪ್‌ಡೌನ್ ಮಾಡಿ, ಉಳಿದ ಗ್ಯಾಸನ್ನು ನೀರಿನ ಡ್ರಮ್ಮಿಗೆ ಬಿಟ್ಟು, ಪೈಪು ಹೊರಗಿನ ಗಾಳಿಯಷ್ಟೇ ಬೆಚ್ಚಗಾಗಲು ಬಿಡಿ. ಡ್ರಮ್ಮಿಗೆ ಬಿಡುವಾಗ ವಾಲ್ವ್ ಬಿಟ್ಟು ಕದಲಬಾರದು. ಗ್ಯಾಸ್ ಕಡಿಮೆಯಾದ ಹಾಗೆ ನೀರು ಹಿಂದಕ್ಕೆ ಲೈನಿನೊಳಗೆ ಎಳೆದುಕೊಳ್ಳುತ್ತೆ. ಈ ಕೆಲಸ ಆಪರೇಟರ್‌ದೇ, ಪೇಂಟರ್‌ದಲ್ಲ. ಎರಡು ಎಚ್ಚರಿಕೆ ಮಾತ್ರ ನೆನಪಿರಲಿ.

ಒಂದು: ದ್ರವ ಅಮೋನಿಯಾ ತುಂಬಿದ ಲೈನಿನ ಎರಡೂ ತುದಿಯ ವಾಲ್ವ್ ಮುಚ್ಚಿ ಬಿಡಬೇಡಿ. ಬೆಚ್ಚಗಾದ ಹಾಗೆ ದ್ರವ ಹಿಗ್ಗುತ್ತೆ, ಹಿಗ್ಗೋಕೆ ಜಾಗ ಇಲ್ಲದಿದ್ದರೆ ವಾಲ್ವ್ ಬಾಡಿಯನ್ನೇ ಸೀಳುತ್ತೆ. ಎರಡು: ಅಮೋನಿಯಾ ಮಾಸ್ಕ್, ಕಣ್ಣಿಗೆ ಗಾಗಲ್ಸ್, ಗ್ಲೌಸ್ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಎಂಟು ಗಂಟೆಯ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ ಅಮೋನಿಯಾ). 300 ಪಿಪಿಎಂ ಅಂದರೆ ಜೀವಕ್ಕೇ ಅಪಾಯ, ಅಲ್ಲಿ ಕ್ಯಾನಿಸ್ಟರ್ ಮಾಸ್ಕ್ ನಂಬಬಾರದು, ಸಿಲಿಂಡರ್ ಇರುವ ಉಸಿರಾಟದ ಸೆಟ್ ಬೇಕು. ಮೈಗೆ, ಕಣ್ಣಿಗೆ ತಾಗಿದರೆ ಕನಿಷ್ಠ 15 ನಿಮಿಷ ನೀರು ಹಾಕುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ.

ಲೀಕ್ ನೋಡೋಕೆ ಹಳೆಯ ಆಪರೇಟರುಗಳು ಗಂಧಕದ ಬತ್ತಿ ಹಚ್ಚುತ್ತಾರೆ. ಅಮೋನಿಯಾ ಸಿಕ್ಕ ಕಡೆ ಬಿಳಿ ಹೊಗೆ ಏಳುತ್ತೆ. ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಅದು ಬೆಂಕಿ. ಪೇಂಟು, ತಿನ್ನರ್ ತೆರೆದಿಟ್ಟ ಜಾಗದಲ್ಲಿ ಬೇಡ. ಒದ್ದೆ ಲಿಟ್ಮಸ್ ಕಾಗದವೂ ಸಾಕಾಗುತ್ತೆ.

ಹಂತ 5: ಸ್ವಚ್ಛ ಮಾಡುವುದು

ಪೇಂಟ್ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ. ಕರಾವಳಿಯಲ್ಲಿದ್ದರೆ ಬ್ರಷ್ ಹಿಡಿಯುವ ಮೊದಲು ಸಿಹಿನೀರಿನಿಂದ ಪೈಪು ತೊಳೆದು ಒಣಗಿಸಿ. ಉಪ್ಪು ಕೂತ ಮೇಲೆ ಬ್ರಷ್ ಹಾಕಿದರೆ ಉಪ್ಪನ್ನು ಗುಂಡಿಗಳೊಳಗೆ ತುರುಕಿದ ಹಾಗಾಗುತ್ತೆ. ಆಮೇಲೆ ಅದರ ಮೇಲೆ ಎಂಥ ಪೇಂಟ್ ಹೊಡೆದರೂ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತೆ. ಎಣ್ಣೆ ಇದ್ದರೆ ತಿನ್ನರ್ ಬಟ್ಟೆಯಲ್ಲಿ ಒರೆಸಿ. ಅದೂ ಬ್ರಷ್‌ಗೆ ಮುಂಚೆ.

ಅವಕಾಶ ಇದ್ದರೆ ಬ್ಲಾಸ್ಟಿಂಗ್ (ರಭಸದಿಂದ ಮರಳು ಹಾರಿಸಿ ತುಕ್ಕು ತೆಗೆಯುವುದು), ಎಸ್ಎ 2.5 ಮಟ್ಟಕ್ಕೆ, ಅಂದರೆ ಬಹುತೇಕ ಬರೀ ಲೋಹ ಉಳಿಯುವಷ್ಟು. ಓಡುವ ಪ್ಲಾಂಟಿನಲ್ಲಿ ಕಂಪ್ರೆಸರ್, ಮೋಟರ್ ಪಕ್ಕ ಮರಳು ಹಾರಿಸೋಕೆ ಆಗಲ್ಲ. ಆಗ ಪವರ್ ಬ್ರಷ್ಷು, ಎಮೆರಿ ಡಿಸ್ಕು ಹಾಕಿ ಎಸ್‌ಟಿ 3 ಮಟ್ಟಕ್ಕೆ ತನ್ನಿ. ಅಂದರೆ ಸಡಿಲ ತುಕ್ಕು, ಸಡಿಲ ಬಣ್ಣ ಏನೂ ಉಳಿಯಬಾರದು, ಲೋಹದ ಹೊಳಪು ಕಾಣಬೇಕು. ಪೈಪಿನ ಕೆಳಭಾಗಕ್ಕೆ ಒಂದು ಕನ್ನಡಿ ಹಿಡಿದು ನೋಡಿ. ಶೇವಿಂಗ್ ಮಾಡುವ ಸಣ್ಣ ಕನ್ನಡಿ ಸಾಕು. ಪೇಂಟರ್ ಕಣ್ಣಿಗೆ ಕಾಣದ ಜಾಗದಲ್ಲಿ ಕೆಲಸ ಆಗಿರಲ್ಲ. ಅದು ಅವನ ತಪ್ಪೂ ಅಲ್ಲ, ಬಗ್ಗಿ ನೋಡೋಕೆ ಜಾಗವೇ ಇರಲ್ಲ.

ತುಕ್ಕನ್ನು ಕಪ್ಪು ಮಾಡುವ ರಸ್ಟ್ ಕನ್ವರ್ಟರ್ ಸಿಗುತ್ತೆ. ಗೇಟಿಗೆ, ಗ್ರಿಲ್‌ಗೆ ಹಚ್ಚಿಕೊಳ್ಳಿ. ಲ್ಯಾಗಿಂಗ್ ಒಳಗೆ ಹೋಗುವ ಪೈಪಿಗೆ ನಾನು ಬಳಸಲ್ಲ.

ಹಂತ 6: ಪೇಂಟ್

ನಮ್ಮ ಕಡೆ ಅಭ್ಯಾಸ ಏನು? ಒಂದು ಕೋಟ್ ರೆಡ್ ಆಕ್ಸೈಡ್, ಮೇಲೆ ಅಲ್ಯೂಮಿನಿಯಂ ಪೇಂಟ್. ಅಗ್ಗ, ಬೇಗ ಒಣಗುತ್ತೆ, ನೋಡೋಕೂ ಚೆಂದ. ಹೊರಗೆ ಒಣಗಿರುವ ಪೈಪಿಗೆ ಪರವಾಗಿಲ್ಲ. ಸದಾ ಒದ್ದೆಯಾಗುವ ಜಾಗದಲ್ಲಿ ಇದು ಬಾಳಲ್ಲ. ಲ್ಯಾಗಿಂಗ್ ಒಳಗಿನ ಪೈಪಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಬೇಕು. ಬ್ಲಾಸ್ಟಿಂಗ್ ಆಗಿಲ್ಲದಿದ್ದರೆ, ಬ್ರಷ್ ಹೊಡೆದ ಮೇಲ್ಮೈಗೂ ಹಿಡಿಯುವ ಎಪಾಕ್ಸಿ ಮಾಸ್ಟಿಕ್ ಅಂತ ಕೇಳಿ ತೆಗೆದುಕೊಳ್ಳಿ. ಒಂದೊಂದು ಕೋಟ್ ಸುಮಾರು 125 ಮೈಕ್ರಾನಿನಂತೆ ಎರಡು ಕೋಟ್. ಡಿಫ್ರಾಸ್ಟ್ ಲೈನಾದರೆ ಬಿಸಿಯಲ್ಲೂ ಮಂಜಿನಲ್ಲೂ ತಡೆಯುತ್ತಾ ಅಂತ ಪೇಂಟಿನ ಡೇಟಾ ಶೀಟ್ ನೋಡಿ. ಲ್ಯಾಗಿಂಗ್ ಒಳಗೆ ಬಿಸಿಲು ಬೀಳಲ್ಲ, ಹಾಗಾಗಿ ಅಲ್ಲಿ ದುಬಾರಿ ಪಾಲಿಯುರಿಥೇನ್ ಟಾಪ್ ಕೋಟಿಗೆ ದುಡ್ಡು ಹಾಕಬೇಡಿ. ಬಿಸಿಲಿಗೆ ತೆರೆದ ಪೈಪಿಗೆ ಹಾಕಿ.

ಬಳಿಯುವ ದಿನ ನೋಡಬೇಕಾದ್ದು ಎರಡು: ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆ ಇರಬೇಕು, ಪೈಪಿನ ಮೈ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಉದಾಹರಣೆಗೆ ಗಾಳಿ 28 ಡಿಗ್ರಿ, ತೇವಾಂಶ ಶೇ. 84 ಇದೆ ಅಂದುಕೊಳ್ಳಿ. ಇಬ್ಬನಿ ಬಿಂದು ಸುಮಾರು 25. ಪೈಪು 28 ಆಗುವವರೆಗೆ ಕಾಯಬೇಕು. ಬೆಳಿಗ್ಗೆ ಎಂಟಕ್ಕೆ ಬಂದ ಪೇಂಟರ್ ಹತ್ತರವರೆಗೆ ಚಹಾ ಕುಡಿಯಲಿ, ನಷ್ಟವಿಲ್ಲ.

ವೆಲ್ಡಿಂಗ್ ಗೆರೆ, ಫ್ಲಾಂಜಿನ ಅಂಚು, ಬೋಲ್ಟಿನ ಮೂಲೆಗಳಲ್ಲಿ ಪೇಂಟು ತೆಳ್ಳಗೆ ಕೂರುತ್ತೆ. ಅಲ್ಲಿಗೆ ಸಣ್ಣ ಬ್ರಷ್‌ನಿಂದ ಮೊದಲೇ ಒಂದು ಕೈ ಬಳಿದು, ಆಮೇಲೆ ಪೂರ್ತಿ ಕೋಟ್ ಹೊಡೆಯಿರಿ. ಬೆರೆಸಿದ ಎಪಾಕ್ಸಿಗೆ ಬಳಸುವ ಸಮಯದ ಮಿತಿ ಇದೆ. ಮಧ್ಯಾಹ್ನ ಗಟ್ಟಿಯಾದದ್ದಕ್ಕೆ ತಿನ್ನರ್ ಸುರಿದು ಹಚ್ಚುವುದು ನಿಮ್ಮೆದುರೇ ನಡೆದರೆ ಡಬ್ಬಿ ಕಿತ್ತು ಪಕ್ಕಕ್ಕಿಡಿ.

ಹಂತ 7: ಲ್ಯಾಗಿಂಗ್

ಲ್ಯಾಗಿಂಗಿನ ಒಳಗೆ ನೀರು ಎರಡು ರೀತಿ ಹೋಗುತ್ತೆ. ಮಳೆನೀರು, ತೊಳೆದ ನೀರು ಸೀಳಿನಿಂದ ಇಳಿಯುವುದು ಒಂದು, ಅದು ಕಣ್ಣಿಗೆ ಕಾಣುತ್ತೆ. ಕಾಣದ್ದು ಇನ್ನೊಂದು: ಗಾಳಿಯಲ್ಲಿರುವ ಆವಿ. ಅದು ಬೆಚ್ಚಗಿನ ಹೊರಗಡೆಯಿಂದ ತಣ್ಣನೆ ಪೈಪಿನ ಕಡೆಗೆ ಸದಾ ನುಗ್ಗುತ್ತಿರುತ್ತೆ, ಹಗಲೂ ರಾತ್ರಿ. ಸೂಜಿ ತೂತು ಸಾಕು. ಒಳಗೆ ಹೋದದ್ದು ನೀರಾಗಿ ಕೂರುತ್ತೆ, ಹೊರಗೆ ಬರಲ್ಲ. ಇದನ್ನು ತಡೆಯುವುದು ವೇಪರ್ ಬ್ಯಾರಿಯರ್ (ಆವಿ ದಾಟದ ಪದರ) ಮಾತ್ರ. ಹೊಳೆಯುವ ಅಲ್ಯೂಮಿನಿಯಂ ಶೀಟು ತಡೆಯಲ್ಲ, ಅದು ರೇನ್‌ಕೋಟ್ ಅಷ್ಟೇ.

ಇದು ಅರ್ಥವಾದರೆ ಶೀಟಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆಯುವುದನ್ನು ಕಂಡಾಗ ನನಗೆ ಯಾಕೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತಾಗುತ್ತೆ. ಮೂರು ದಿನ ಕೂತು ಬ್ಯಾರಿಯರ್ ಹಚ್ಚಿ, ನಾಲ್ಕನೇ ದಿನ ಅಡಿಗೆ ನಾಲ್ಕು ತೂತು! ಶೀಟನ್ನು ಬ್ಯಾಂಡ್ ಹಾಕಿ ಬಿಗಿಯಿರಿ. ಹಳೆಯ ಪ್ಲಾಂಟುಗಳಲ್ಲಿ ಥರ್ಮಾಕೋಲಿಗೆ ಡಾಂಬರು ಮೆತ್ತಿ, ಮೇಲೆ ಕೋಳಿಗೂಡಿನ ಜಾಲರಿ ಸುತ್ತಿ, ಸಿಮೆಂಟ್ ಪ್ಲಾಸ್ಟರ್ ಮಾಡಿರುತ್ತಾರೆ. ಪ್ಲಾಸ್ಟರ್ ಬಿರುಕು ಬಿಟ್ಟಿದ್ದರೆ ಬಿರುಕಿಗೆ ಸಿಮೆಂಟ್ ಸವರಿ ಪ್ರಯೋಜನವಿಲ್ಲ. ಒದ್ದೆಯಾದ ತುಂಡನ್ನು ಪೂರ್ತಿ ಕಿತ್ತು ಹೊಸದು ಹಾಕಿ. ಒದ್ದೆ ಲ್ಯಾಗಿಂಗ್ ಒಣಗಿದ್ದನ್ನು ನಾನು ಇದುವರೆಗೆ ನೋಡಿಲ್ಲ.

ಹಾಕುವಾಗ: ಎರಡು ಪದರ ಮಾಡಿ, ಒಳಪದರದ ಜಾಯಿಂಟು ಹೊರಪದರದ ಜಾಯಿಂಟಿನ ಕೆಳಗೆ ಬರದಂತೆ ಸರಿಸಿ. ಶೀಟಿನ ಮೇಲುಹೊದಿಕೆ ಹಂಚಿನ ಮನೆಯ ಹಂಚಿನ ಹಾಗೆ ನೀರು ಇಳಿದುಹೋಗುವಂತಿರಲಿ, ಉದ್ದದ ಜಾಯಿಂಟು ಪಕ್ಕಕ್ಕೆ ಬಂದು ಬಾಯಿ ಕೆಳಮುಖವಾಗಿರಲಿ. ಐದಾರು ಮೀಟರಿಗೊಂದು ಕಡೆ ಲ್ಯಾಗಿಂಗನ್ನು ಪೈಪಿನ ಮೈಗೇ ಮಾಸ್ಟಿಕ್ (ನೀರು ಹೋಗದಂತೆ ಮೆತ್ತುವ ಲೇಪ, ಮೇಲೆ ಹೇಳಿದ ಎಪಾಕ್ಸಿ ಪೇಂಟ್ ಅಲ್ಲ) ಹಾಕಿ ಮುಚ್ಚಿ. ಒಂದು ಕಡೆ ನೀರು ಹೊಕ್ಕರೂ ಇಡೀ ಲೈನಿಗೆ ಹರಿಯಲ್ಲ. ಸಪೋರ್ಟಿನಲ್ಲಿ ಪೈಪು ನೇರವಾಗಿ ಆಂಗಲ್ ಮೇಲೆ ಕೂರಬಾರದು. ಭಾರ ತಡೆಯುವ ಗಟ್ಟಿ ಫೋಮ್ ತುಂಡು, ಅದರ ಹೊರಗೆ ತಗಡಿನ ತೊಟ್ಟಿಲು, ಅದರ ಕೆಳಗೆ ಆಂಗಲ್. ಆಂಗಲ್ಲೇ ಬೆವರುತ್ತಿದ್ದರೆ ಒಳಗೆ ಪೈಪು ಅದಕ್ಕೆ ತಾಗಿದೆ ಅಂತ ಅರ್ಥ.

ಹಂತ 8: ವಾಲ್ವ್

ಪೈಪು ನೇರ, ವಾಲ್ವ್ ವಕ್ರ. ಲ್ಯಾಗಿಂಗ್ ಮಾಡುವವನು ಅಲ್ಲಿಗೆ ಬಂದು ನಿಲ್ಲಿಸುತ್ತಾನೆ, ತುದಿ ತೆರೆದೇ ಉಳಿಯುತ್ತೆ. ವಾಲ್ವಿನ ಮೇಲೆ ಕಟ್ಟಿದ ಮಂಜು ಕರಗಿ ಎರಡೂ ಪಕ್ಕದ ಪೈಪಿನ ಲ್ಯಾಗಿಂಗಿಗೆ ಇಳಿಯುತ್ತೆ. ನಾನು ಮೊದಲು ಹೇಳಿದ ಪೈಪು ಹೋದದ್ದು ಹೀಗೇ. ಆದ್ದರಿಂದ ದುಡ್ಡಿಲ್ಲ, ಸಮಯವಿಲ್ಲ ಅನ್ನುವವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ: ವಾಲ್ವಿನ ಎರಡೂ ಪಕ್ಕ ಲ್ಯಾಗಿಂಗಿನ ತುದಿಯನ್ನು ಇಳಿಜಾರಾಗಿ ಕತ್ತರಿಸಿ, ತುದಿಯಿಂದ ಪೈಪಿನ ಮೈವರೆಗೆ ಮಾಸ್ಟಿಕ್ ಸವರಿ ಪೂರ್ತಿ ಮುಚ್ಚಿ. ಒಣಗಿದ ಪೈಪಿನ ಮೇಲೆ ಮಾಡಬೇಕು, ಬೆವರಿದ್ದರ ಮೇಲಲ್ಲ.

ವಾಲ್ವಿನ ಬಾಡಿಗೆ ಎಪಾಕ್ಸಿ ಬಳಿದ ಮೇಲೆ ಪೆಟ್ರೋಲೇಟಮ್ ಟೇಪ್ ಸುತ್ತುವುದು ನನಗೆ ಇಷ್ಟದ ದಾರಿ. ವ್ಯಾಸಲೀನ್ ಅದ್ದಿದ ಬ್ಯಾಂಡೇಜ್ ಅಂದುಕೊಳ್ಳಿ, ಕೈಯೆಲ್ಲ ಜಿಡ್ಡಾಗುತ್ತೆ. ಆದರೆ ವಕ್ರ ಮೂಲೆಗಳಿಗೂ ಒತ್ತಿ ಕೂರಿಸಬಹುದು, ಗಟ್ಟಿಯಾಗಿ ಬಿರುಕು ಬಿಡಲ್ಲ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಬೋಲ್ಟಿನ ಸುತ್ತ ಇರುವ ಸಂದಿಗಳಿಗೆ ಅದರ ಜೊತೆಗೇ ಸಿಗುವ ಪೇಸ್ಟ್ ತುಂಬಿ. ಅದರ ಹೊರಗೆ ಬಿಚ್ಚಿ ಹಾಕಬಹುದಾದ ಇನ್ಸುಲೇಷನ್ ಪೆಟ್ಟಿಗೆ. ಬಿಚ್ಚೋಕೆ ಬರದ ಹಾಗೆ ಮುಚ್ಚಿದರೆ, ಅವಸರ ಬಂದಾಗ ಆಪರೇಟರ್ ಸ್ಕ್ರೂಡ್ರೈವರ್‌ನಿಂದ ಅಗೆದೇ ಅಗೆಯುತ್ತಾನೆ.

ಈಗ ಸ್ಪಿಂಡಲ್, ಅಂದರೆ ವಾಲ್ವ್ ತೆರೆಯಲು, ಮುಚ್ಚಲು ತಿರುಗಿಸುವ ದಂಡ. ಇದಕ್ಕೆ ಪೇಂಟ್ ಬಳಿಯಬೇಡಿ, ದಯವಿಟ್ಟು. ಸ್ಪಿಂಡಲ್ಲಿಗೆ, ಗ್ಲಾಂಡಿಗೆ (ಸ್ಪಿಂಡಲ್ ಸುತ್ತ ಗ್ಯಾಸ್ ಸೋರದಂತೆ ಪ್ಯಾಕಿಂಗ್ ಒತ್ತಿ ಹಿಡಿಯುವ ಭಾಗ), ನೇಮ್‌ಪ್ಲೇಟಿಗೆ ಎಲ್ಲ ಒಂದೇ ಬಣ್ಣ ಹೊಡೆದ ಪ್ಲಾಂಟು ದೂರದಿಂದ ನೀಟಾಗಿ ಕಾಣುತ್ತೆ, ವಾಲ್ವ್ ತಿರುಗಿಸಿದಾಗ ಬಣ್ಣದ ಚೂರು ಪ್ಯಾಕಿಂಗ್ ಹರಿಯುತ್ತೆ. ತುಕ್ಕಿನದೂ ಇದೇ ಕೆಲಸ. ಒರಟಾದ ಸ್ಪಿಂಡಲ್ ಗ್ಲಾಂಡ್ ಪ್ಯಾಕಿಂಗನ್ನು ಅರದ ಹಾಗೆ ಉಜ್ಜುತ್ತೆ. ವರ್ಷಗಟ್ಟಲೆ ತಿರುಗಿಸದ ವಾಲ್ವನ್ನು ಒಮ್ಮೆಲೇ ತಿರುಗಿಸಿದ ಮರುದಿನ ಗ್ಯಾಸ್ ವಾಸನೆ ಬರುವುದು ಅದಕ್ಕೇ.

ಸ್ಪಿಂಡಲ್ ನೋಡಿಕೊಳ್ಳುವ ಕ್ರಮ ಹೀಗೆ. ಕ್ಯಾಪನ್ನು ನಿಧಾನವಾಗಿ, ಮುಖ ಪಕ್ಕಕ್ಕಿಟ್ಟು ಸಡಿಲಿಸಿ, ಗ್ಲಾಂಡ್ ಲೀಕ್ ಇದ್ದರೆ ಕ್ಯಾಪಿನೊಳಗೆ ಗ್ಯಾಸ್ ತುಂಬಿರುತ್ತೆ. ಒಣ ಬಟ್ಟೆಯಲ್ಲಿ ಒರೆಸಿ. ಕೆಂಪು ಕಂಡರೆ ಸಣ್ಣ ಎಮೆರಿ ಕಾಗದದಿಂದ ತಿಕ್ಕಿ, ಪುಡಿ ಒರೆಸಿ, ಆಮೇಲೆ ತಿರುಗಿಸಿ. ಕಂಪ್ರೆಸರ್ ಎಣ್ಣೆ ಅಥವಾ ಅಮೋನಿಯಾಕ್ಕೆ ಹೊಂದುವ ಗ್ರೀಸ್ ತೆಳ್ಳಗೆ ಸವರಿ. ಕ್ಯಾಪಿನ ಸೀಲ್ ಒಣಗಿ ಬಿರುಕು ಬಿಟ್ಟಿದ್ದರೆ ಬದಲಿಸಿ, ಕ್ಯಾಪ್ ಕೈಯಲ್ಲಿ ಬಿಗಿಮಾಡಿ. ಕ್ಯಾಪ್ ಕಳೆದುಹೋಗಿ ಪ್ಲಾಸ್ಟಿಕ್ ಕವರ್ ಕಟ್ಟಿದ ವಾಲ್ವ್ ಎಷ್ಟಿವೆ ಅಂತ ನಿಮ್ಮ ಪ್ಲಾಂಟಿನಲ್ಲಿ ಒಮ್ಮೆ ಎಣಿಸಿ. ಕವರ್ ಒಳಗೆ ಹಬೆ ಕಟ್ಟಿ ಇನ್ನೂ ಬೇಗ ತುಕ್ಕು ಹಿಡಿಯುತ್ತೆ.

ಬಾನೆಟ್ (ವಾಲ್ವಿನ ಮೇಲಿನ ಮುಚ್ಚಳ) ಬೋಲ್ಟು, ಫ್ಲಾಂಜ್ ಬೋಲ್ಟುಗಳ ನಟ್ಟಿನ ಮೂಲೆ ಉರುಟಾಗಿ ಸ್ಪ್ಯಾನರ್ ಜಾರುತ್ತಿದ್ದರೆ ಬದಲಿಸುವ ಕಾಲ ಬಂದಿದೆ. ಲೈನ್ ಖಾಲಿಯಾದ ಮೇಲೆ ಮಾತ್ರ. "ಒಂದೊಂದಾಗಿ ಬಿಚ್ಚಿದರೆ ಏನೂ ಆಗಲ್ಲ" ಅನ್ನುವವರ ಮಾತು ಕೇಳಬೇಡಿ. ತುಕ್ಕು ತಿಂದ ನಾಲ್ಕರಲ್ಲಿ ಒಂದು ಬಿಚ್ಚಿದಾಗ ಭಾರ ಹೊರುವುದು ಉಳಿದ ಮೂರೂ ತುಕ್ಕು ತಿಂದವೇ. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಬೇಡ, ವಾಲ್ವ್ ತಯಾರಿಸಿದವರು ಹೇಳಿದ ಗ್ರೇಡೇ ಹಾಕಿ.

ಸೇಫ್ಟಿ ವಾಲ್ವನ್ನು ಮರೆಯಬೇಡಿ. ಅದರ ಔಟ್‌ಲೆಟ್ ಪೈಪಿನ ಬಾಯಿ ಮೇಲ್ಮುಖವಾಗಿ ತೆರೆದಿದ್ದರೆ ಮಳೆನೀರು ನೇರ ಸೀಟಿನ ಮೇಲೆ ನಿಲ್ಲುತ್ತೆ. ತುಕ್ಕು ಹಿಡಿದ ಸೇಫ್ಟಿ ವಾಲ್ವ್ ಒಂದೋ ಸುಮ್ನೆ ಸೋರುತ್ತೆ, ಇಲ್ಲವೇ ಬೇಕಾದಾಗ ತೆರೆಯಲ್ಲ. ಮಳೆ ಬೀಳದ, ಗ್ಯಾಸ್ ದಾರಿ ತಡೆಯದ ಟೊಪ್ಪಿ ಹಾಕಿಸಿ, ಪೈಪಿನ ಬುಡದಲ್ಲಿ ನೀರು ಬಸಿಯುವ ವ್ಯವಸ್ಥೆ ಇರಲಿ.

ಹಂತ 9: ಉಳಿದ ಕಡೆ

ಬಿಸಿ ಕಡೆಯ ಡಿಸ್ಚಾರ್ಜ್ ಲೈನು (ಕಂಪ್ರೆಸರಿನಿಂದ ಹೊರಬರುವ ಪೈಪು) ಬೆವರಲ್ಲ, ಮಳೆ ಬಿದ್ದರೂ ಬೇಗ ಒಣಗುತ್ತೆ. ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರಿಥೇನ್, ಮುಗಿಯಿತು. ಕಂಡೆನ್ಸರಿನ ನೀರು ಚಿಮ್ಮುವ ಜಾಗದಲ್ಲಿ ಮಾತ್ರ ಪೈಪು ಸದಾ ಒದ್ದೆ, ಅಲ್ಲಿ ಚಿಮ್ಮುವುದನ್ನೇ ತಡೆಯಿರಿ.

ಐಸ್ ಪ್ಲಾಂಟಿನಲ್ಲಿ ಬ್ರೈನ್ (ಐಸ್ ಕ್ಯಾನ್ ಮುಳುಗಿಸಿಡುವ ತಣ್ಣನೆ ಉಪ್ಪುನೀರು) ಬೇರೆ ತಲೆನೋವು. ಕ್ಯಾನ್ ಎತ್ತುವಾಗ ತೊಟ್ಟಿಕ್ಕುವ ಉಪ್ಪುನೀರು ಕೆಳಗಿನ ವಾಲ್ವುಗಳ ಮೇಲೇ ಬೀಳುತ್ತೆ. ಕ್ಯಾನ್ ದಾರಿಯ ಕೆಳಗೆ ಒಂದು ತಗಡು ಮರೆ ಮಾಡಿ, ದಿನದ ಕೊನೆಗೆ ಅಲ್ಲಿಗೆ ಸಿಹಿನೀರು ಹಾಯಿಸಿ. ಟ್ಯಾಂಕಿನ ಬ್ರೈನ್ ಹುಳಿಯ ಕಡೆ ತಿರುಗಬಾರದು, ಪಿಎಚ್ 7.5ರಿಂದ 8.5ರೊಳಗೆ ಇರಲಿ. ಇದ್ದಕ್ಕಿದ್ದಂತೆ ಪಿಎಚ್ ಏರಿದರೆ ಕಾಯಿಲ್‌ನಿಂದ ಅಮೋನಿಯಾ ಬ್ರೈನಿಗೆ ಸೋರುತ್ತಿರಬಹುದು, ಪೇಂಟ್ ಬಿಟ್ಟು ಅದನ್ನು ನೋಡಿ.

ಹಂತ 10: ಯಾವಾಗ ಮಾಡುವುದು, ಹೇಗೆ ಬರೆದಿಡುವುದು

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ದೋಣಿ ಇಳಿಯಲ್ಲ, ಐಸ್ ಬೇಡಿಕೆ ಇಲ್ಲ, ಪ್ಲಾಂಟು ಖಾಲಿ. ಎಲ್ಲರೂ ಆಗಲೇ ಪೇಂಟ್ ಮಾಡಿಸುತ್ತಾರೆ. ವರ್ಷದಲ್ಲಿ ಪೇಂಟಿಗೆ ಇದಕ್ಕಿಂತ ಕೆಟ್ಟ 61 ದಿನ ಸಿಗಲ್ಲ! ಹೊರಗೆ ಧೋ ಅಂತ ಮಳೆ, ತೇವಾಂಶ ಶೇ. 85ರ ಕೆಳಗೆ ಇಳಿಯುವುದೇ ಕಷ್ಟ. ನನ್ನ ಸಲಹೆ: ಆ ಎರಡು ತಿಂಗಳು ಕಿಟಕಿ ತೆರೆದು ಅಳೆಯಲು, ಪೈಪು, ಬೋಲ್ಟು ಬದಲಿಸಲು, ಗ್ಲಾಂಡ್ ಪ್ಯಾಕಿಂಗ್ ಮಾಡಲು ಇಟ್ಟುಕೊಳ್ಳಿ. ಆಗಲೇ ಬಳಿಯಬೇಕಾದ ತುಂಡಿದ್ದರೆ ಪ್ಲಾಸ್ಟಿಕ್ ಶೀಟಿನಿಂದ ಸುತ್ತ ಮರೆ ಮಾಡಿ, ಒಳಗೆ ಹೀಟರ್ ಅಥವಾ ಡಿಹ್ಯೂಮಿಡಿಫೈಯರ್ ಇಟ್ಟು ಒಣಗಿಸಿ. ಉಳಿದ ಪೇಂಟು, ಲ್ಯಾಗಿಂಗು ಜನವರಿ, ಫೆಬ್ರುವರಿಯಲ್ಲಿ, ಒಂದೊಂದೇ ಲೈನು ಬಂದ್ ಮಾಡಿಕೊಂಡು. ಬಯಲುಸೀಮೆಯ ಗೋದಾಮಿನವರಿಗೆ ಇಷ್ಟು ಕಷ್ಟವಿಲ್ಲ. ಬ್ಯಾಡಗಿಯಲ್ಲಿ ಹೊಸ ಮೆಣಸಿನಕಾಯಿ ಒಳಗೆ ಬರುವ ಮುಂಚಿನ ಒಣ ವಾರಗಳೇ ಸಾಕು.

ಆಪರೇಟರ್ ವಾರಕ್ಕೊಮ್ಮೆ ಒಂದು ಸುತ್ತು ಹೋಗಿ ಹೊಸ ಬೆವರು, ಹೊಸ ಮಂಜು ಎಲ್ಲಿ ಅಂತ ಬರೆಯಲಿ. ಮೂರು ತಿಂಗಳಿಗೊಮ್ಮೆ ಸ್ಪಿಂಡಲ್ ಎಲ್ಲ ಒರೆಸಿ, ಎಣ್ಣೆ ಹಚ್ಚಿ, ತಿರುಗಿಸಿದರೆ ತೊಂದರೆ ಇಲ್ಲದ ವಾಲ್ವುಗಳನ್ನು ಅರ್ಧ ಸುತ್ತು ಆಡಿಸಿ. ವರ್ಷಕ್ಕೊಮ್ಮೆ ದಪ್ಪದ ಅಳತೆ.

ಅಳತೆ ಪ್ರತಿ ಸಲ ಅದೇ ಜಾಗದಲ್ಲಿ ಆಗಬೇಕು. ಅದಕ್ಕೆ ಕತ್ತರಿಸಿದ ಕಿಟಕಿಗೆ ರಬ್ಬರ್ ಮುಚ್ಚಳ ಹಾಕಿ ಸೀಲ್ ಮಾಡಿ, ಮುಚ್ಚಳದ ಮೇಲೆ ನಂಬರ್ ಬರೆಯಿರಿ. ರಿಜಿಸ್ಟರಿನಲ್ಲಿ ನಂಬರ್, ತಾರೀಖು, ದಪ್ಪ, ಆವತ್ತು ಲ್ಯಾಗಿಂಗ್ ಒಣಗಿತ್ತಾ ಒದ್ದೆಯಾ ಅಂತ ಒಂದು ಸಾಲು ಸಾಕು. 2 ಇಂಚಿನ ಲೈನು ಎರಡು ವರ್ಷದ ಹಿಂದೆ 3.8 ಇದ್ದದ್ದು ಈ ಸಲ 3.4 ಬಂದರೆ ವರ್ಷಕ್ಕೆ 0.2 ಹೋಗುತ್ತಿದೆ. ಮುಕ್ಕಾಲು ಭಾಗದ ಗೆರೆ 2.93. ಇನ್ನೆರಡು ವರ್ಷ ಚಿಲ್ಲರೆ ಸಮಯ ಇದೆ ಅಂತ ಪೆನ್ಸಿಲ್‌ನಲ್ಲಿ ಪಕ್ಕದಲ್ಲೇ ಬರೆದಿಡಿ, ಆ ಜನವರಿಗೆ ಪೈಪು ಆರ್ಡರ್ ಮಾಡೋಕೆ ನೆನಪಾಗುತ್ತೆ.